ಸ್ತನದ ಗಂಟು ಮತ್ತು ಬಯಾಪ್ಸಿ: ಅಪಾಯವೆಷ್ಟು, ಪ್ರಯೋಜನವೆಷ್ಟು?

ಹಾನುಬಾಳು ಹೋಬಳಿಯ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಲಿನ ಕಾಲದಲ್ಲಿ ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಇಲ್ಲವಾಗುತ್ತದೆ. ಸ್ತನದಲ್ಲಿ ಗಂಟು ಕಂಡ ಮಹಿಳೆಯು ನೋವಿಲ್ಲವೆಂದು, ಕೊಯ್ಲು ಮುಗಿಯಲೆಂದು ಪರೀಕ್ಷೆಯನ್ನು ಮುಂದೂಡುವುದುಂಟು. ಆದರೆ ಕ್ಯಾನ್ಸರ್ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು.

ಸ್ತನದ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ. ಎಲ್ಲ ಗಂಟಿಗೂ ಬಯಾಪ್ಸಿ, ಅಂದರೆ ಅಂಗಾಂಶ ಪರೀಕ್ಷೆ, ಬೇಕಾಗುವುದೂ ಇಲ್ಲ. ವೈದ್ಯರು ಮೊದಲು ಕೈಯಿಂದ ಪರೀಕ್ಷಿಸಿ, ವಯಸ್ಸಿಗನುಗುಣವಾಗಿ ಅಲ್ಟ್ರಾಸೌಂಡ್ ಅಥವಾ ಮ್ಯಾಮೊಗ್ರಾಂ ಮಾಡಿಸುತ್ತಾರೆ. ಅದು ಬರಿಯ ನೀರುಗುಳ್ಳೆಯೆಂದು ಖಚಿತವಾದರೆ ಸಾಮಾನ್ಯವಾಗಿ ಬಯಾಪ್ಸಿಯ ಅಗತ್ಯವಿಲ್ಲ. ಸಂಶಯ ತೀರ ಅಲ್ಪವಿದ್ದಲ್ಲಿ ಸುಮಾರು 6 ತಿಂಗಳ ಬಳಿಕ ಮರುಪರೀಕ್ಷೆ ಸಾಕಾಗಬಹುದು. ಸಂಶಯ ಬಲವಾಗಿದ್ದರೆ ಬಯಾಪ್ಸಿಯೇ ಮುಂದಿನ ಹೆಜ್ಜೆ.

ಇದರಲ್ಲಿ ಗಂಟಿರುವ ಜಾಗಕ್ಕೆ ಅರಿವಳಿಕೆ ನೀಡಿ, ಸೂಜಿಯಿಂದ ಸಣ್ಣ ಚೂರುಗಳನ್ನು ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ಕೆಲವು ದಿನ ನೋವು, ಚರ್ಮ ಕಪ್ಪುಗಟ್ಟುವುದು ಸಾಮಾನ್ಯ. ಸೋಂಕು ಅಥವಾ ಹೆಚ್ಚಿನ ರಕ್ತಸ್ರಾವ ವಿರಳ. ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಸೂಜಿಗೆ ರೋಗದ ಭಾಗ ಸಿಗದೆ ಹೋಗುವ ಸಾಧ್ಯತೆಯೂ ಇದೆ. ವರದಿಗೂ ಸ್ಕ್ಯಾನಿಂಗ್‌ಗೂ ತಾಳೆಯಾಗದಿದ್ದರೆ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.

ಸೂಜಿ ಚುಚ್ಚಿದರೆ ರೋಗ ದೇಹವೆಲ್ಲ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಪ್ರಯೋಜನವಾದರೋ ದೊಡ್ಡದು: ಕ್ಯಾನ್ಸರ್ ಅಲ್ಲವೆಂದಾದರೆ ಅನಗತ್ಯ ಶಸ್ತ್ರಚಿಕಿತ್ಸೆ ತಪ್ಪಬಹುದು, ಹೌದೆಂದಾದರೆ ಅದು ಯಾವ ಬಗೆಯದು, ಯಾವ ಔಷಧ ಸೂಕ್ತ ಎಂಬುದು ಅದೇ ಚೂರಿನಿಂದ ತಿಳಿಯುತ್ತದೆ. ಸೂಜಿಯ ತೊಂದರೆ ಕೆಲವು ದಿನಗಳದ್ದು. ಸಂಶಯಾಸ್ಪದ ಗಂಟನ್ನು ಹಾಗೆಯೇ ಬಿಟ್ಟರೆ ಆಗುವ ನಷ್ಟ ಪ್ರಾಣಕ್ಕೇ ಸಂಬಂಧಿಸಿದ್ದು.

30 ವರ್ಷ ಮೇಲ್ಪಟ್ಟ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಸ್ತನ ತಪಾಸಣೆ ನಡೆಸುವುದು ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಗಿದೆ. ಅಲ್ಲಿಂದ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ, ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಗತ್ಯಬಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ.

ಮಹಿಳಾ ಗ್ರಾಮಸಭೆಯಲ್ಲಿ ಈ ವಿಷಯವನ್ನು ತಿಳಿಸುವುದು, ಕೊಯ್ಲಿಗೆ ಮುನ್ನವೇ ತೋಟದ ಲೈನ್‌ಮನೆಗಳಿಗೂ ಆಶಾ ಕಾರ್ಯಕರ್ತೆಯರ ಭೇಟಿ ಆಗುವಂತೆ ನೋಡಿಕೊಳ್ಳುವುದು ಸದಸ್ಯರಿಂದ ಆಗಬೇಕಾದ ಕೆಲಸ. ಯಾರಿಗೆ ಗಂಟಿದೆ ಎಂಬುದು ಸಭೆಯಲ್ಲಿ ಚರ್ಚೆಯಾಗಕೂಡದು. ವೈದ್ಯರಿಂದ ವಿವರ ಕೇಳಿದ ಮೇಲೆ ಒಪ್ಪಿಗೆ ನೀಡುವ ಅಧಿಕಾರ ಆ ಮಹಿಳೆಯದೇ ಆಗಿರುತ್ತದೆ.