ಕದ್ದು ನೋಡಿದ್ರೆ ಕೆಡುವ ಕೀಲಿ

ದಿನಕ್ಕೆ ಹತ್ತು ಸಲ ನಾವು ಯುಪಿಐ ಬಳಸ್ತೀವಿ. ಫೋನ್‌ನಿಂದ ಹೋಗುವ ಮಾಹಿತಿಗೆ ಒಂದು ರಹಸ್ಯ ಕೀಲಿಯಿಂದ ಬೀಗ ಹಾಕಿರುತ್ತೆ. ಆ ಕೀಲಿ ಎರಡೂ ಕಡೆ ಸೇಫಾಗಿ ಸಿಗುವ ಹಾಗೆ ನೋಡಿಕೊಳ್ಳೋದು ಕಷ್ಟದ ಗಣಿತ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಆರ್‌ಎಸ್‌ಎ ತರಹದ ಗಣಿತ ಮುರಿಯುತ್ತೆ ಅಂತ ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಅಂಥ ಯಂತ್ರ ಇನ್ನೂ ಬಂದಿಲ್ಲ. ಆದರೆ ಇವತ್ತು ಕದ್ದಿಟ್ಟುಕೊಂಡ ಮಾಹಿತಿಯನ್ನು ಅವತ್ತು ಬಿಚ್ಚಿ ಓದಬಹುದು!

ಇದಕ್ಕೆ ಒಂದು ಉತ್ತರವನ್ನು ಬೆಂಗಳೂರಿನ ಸದಾಶಿವನಗರದಲ್ಲೇ ಹುಡುಕ್ತಿದ್ದಾರೆ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಗೆ ಈಗ ಹಣ ಕೊಡೋದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ. ಅಲ್ಲಿ ಪ್ರೊ. ಉರ್ಬಸಿ ಸಿನ್ಹಾ ಅವರ ತಂಡ 'ಕ್ವಾಂಟಮ್ ಕೀ ಡಿಸ್ಟ್ರಿಬ್ಯೂಷನ್' ಮೇಲೆ ಕೆಲಸ ಮಾಡುತ್ತಿದೆ.

ಇದರ ಮೊದಲ ವಿಧಾನವನ್ನು 1984ರಲ್ಲಿ ಬೆನೆಟ್ ಮತ್ತು ಬ್ರಸಾರ್ಡ್ ಕೊಟ್ಟರು. ಅದು ಗೊತ್ತಾದರೆ ಉಳಿದದ್ದು ಸುಲಭ. ಒಂದೊಂದು ಬಿಟ್ಟಿಗೂ ಒಂದೊಂದು ಫೋಟಾನ್. ಬಿಟ್ ಬರೆಯಲು ಎರಡು ರೀತಿ: ನೇರ ಪೋಲರೈಸೇಷನ್ (0°, 90°) ಅಥವಾ ಓರೆ (45°, 135°). ಕಳಿಸುವವರೂ ಅಳೆಯುವವರೂ ಪ್ರತಿ ಸಲ ನಾಣ್ಯ ಚಿಮ್ಮಿದ ಹಾಗೆ ಒಂದು ರೀತಿ ಆರಿಸ್ತಾರೆ. ಆಮೇಲೆ ಬಿಟ್ ಏನು ಅಂತ ಹೇಳದೆ, ಯಾವ ರೀತಿ ಬಳಸಿದ್ವಿ ಅಂತ ಮಾತ್ರ ಹೇಳಿಕೊಂಡು, ಇಬ್ಬರ ರೀತಿಯೂ ಒಂದೇ ಆಗಿದ್ದ ಬಿಟ್‌ಗಳನ್ನಷ್ಟೇ ಉಳಿಸಿಕೊಳ್ತಾರೆ.

ನಡುವೆ ಒಬ್ಬ ಕಳ್ಳ ಪ್ರತಿ ಫೋಟಾನನ್ನೂ ಅಳೆದು ಮುಂದೆ ಕಳಿಸ್ತಾನೆ ಅಂತಿಟ್ಟುಕೊಳ್ಳಿ. ಅರ್ಧ ಸಲ ಅವನು ತಪ್ಪು ರೀತಿ ಆರಿಸ್ತಾನೆ. ಹಾಗಾದಾಗಲೆಲ್ಲ ಬಿಟ್ ಕೆಡುವ ಸಾಧ್ಯತೆ ಅರ್ಧ. ½ × ½, ಅಂದರೆ ಸುಮಾರು 25% ತಪ್ಪು. ಕೆಲವು ಬಿಟ್ ಹೋಲಿಸಿ ನೋಡಿದರೆ ಕಳ್ಳತನ ಗೊತ್ತಾಗಿಬಿಡುತ್ತೆ. ಆ ಕೀಲಿ ಬಿಸಾಕಿದರಾಯ್ತು, ಅಸಲಿ ಮಾಹಿತಿ ಇನ್ನೂ ಹೊರಟೇ ಇಲ್ಲವಲ್ಲ!

ತೊಂದರೆ ದೂರದ್ದು. ಫೈಬರ್‌ನಲ್ಲಿ ಫೋಟಾನ್‌ಗಳು ದಾರಿಯಲ್ಲೇ ಕಳೆದುಹೋಗುತ್ತವೆ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ಕಾಪಿ ಮಾಡೋಕೆ ಆಗಲ್ಲ, ಹಾಗಾಗಿ ಮಾಮೂಲಿ ಆಂಪ್ಲಿಫೈಯರ್ ಇಲ್ಲಿ ನಡೆಯಲ್ಲ. ಅದಕ್ಕೇ ಉಪಗ್ರಹದ ದಾರಿ. ಈ ತಂಡ 2021ರಲ್ಲಿ ಎರಡು ಕಟ್ಟಡಗಳ ನಡುವೆ ಗಾಳಿಯ ಮೂಲಕ ಕೀಲಿ ಹಂಚಿತು. 2023ರಲ್ಲಿ ಚಲಿಸುವ ರಿಸೀವರ್‌ಗೂ ಕಳಿಸಿ ತೋರಿಸಿತು. ಇಸ್ರೋ ಜೊತೆ ಸೇರಿ ಉಪಗ್ರಹದ ಪ್ರಾಜೆಕ್ಟೂ ಇದೆ.

ಹಾಗಂತ 'ಹ್ಯಾಕ್ ಮಾಡೋಕೇ ಆಗಲ್ಲ' ಅಂತ ನಂಬಿಬಿಡಬಾರದು. ಡಿಟೆಕ್ಟರ್‌ನಲ್ಲಿ ದೋಷ ಇದ್ದರೆ ಕಳ್ಳನಿಗೆ ಅದೇ ಬಾಗಿಲು. ಆ ಕಡೆ ಇರೋದು ನಿಜವಾಗಿ ನಮ್ಮವರೇನಾ ಅಂತಲೂ ಬೇರೆಯಾಗಿ ಖಾತ್ರಿ ಮಾಡಿಕೊಳ್ಳಬೇಕು. ಒಂಟಿ ಫೋಟಾನ್ ಹಿಡಿಯುವ ಡಿಟೆಕ್ಟರ್, ನ್ಯಾನೋಸೆಕೆಂಡ್ ಲೆಕ್ಕದ ಟೈಮಿಂಗ್, ಓಡುವ ಗುರಿಯನ್ನು ಬಿಡದೆ ಹಿಂಬಾಲಿಸುವ ಮೋಟಾರು ಇವೆಲ್ಲ ಫಿಸಿಕ್ಸ್‌ನವರಿಗೆ ಬಿಟ್ಟ ಕೆಲಸ ಅಲ್ಲ. ಇಸಿ, ಸಿಎಸ್, ಮೆಕ್ಯಾನಿಕಲ್‌ನ ನಾವೂ ಬೇಕು.