ಇದ್ದಿಲಿನ ಎಳೆ ಮತ್ತು ಮಿಲಾನಿನ ದರ್ಜಿ

ಬೇಸಗೆ ಬಂತೆಂದರೆ ಕೊಡವ ಮನೆತನಗಳು ಹಾಕಿ ಮೈದಾನಕ್ಕೆ ಇಳಿಯುತ್ತವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿಗೆ ಮೊದಲ ವರ್ಷ ಬಂದದ್ದು 60 ತಂಡ. 2024ರಲ್ಲಿ ಕುಂಡ್ಯೋಳಂಡ ಕುಟುಂಬದವರು ನಾಪೋಕ್ಲುವಿನಲ್ಲಿ ನಡೆಸಿದಾಗ ಅದು 360 ಆಗಿತ್ತು. ತಾತನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವ ಈ ಉತ್ಸವದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅವರ ಕೈಯಲ್ಲಿರುವ ಸ್ಟಿಕ್ಕಿನ ಬಗ್ಗೆ ಬರೆದವರು ಕಡಿಮೆ.

1973ರ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕರಾಗಿ ಬೆಳ್ಳಿ ತಂದ ಎಂ.ಪಿ. ಗಣೇಶ್, 1975ರಲ್ಲಿ ಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಎಂ.ಎಂ. ಸೋಮಯ್ಯ, ಕೊಡಗಿನ ಈ ಮೂವರೂ ಆಡಿದ್ದು ಮರದ ಸ್ಟಿಕ್ಕಿನಲ್ಲಿ. ಮರವೆಂದರೆ ಹಿಪ್ಪುನೇರಳೆ. ನಾವು ಸೊಪ್ಪಿಗಾಗಿ ಬೆಳೆದು ರೇಷ್ಮೆಹುಳುವಿಗೆ ಹಾಕುವ ಗಿಡವನ್ನೇ ಸಿಯಾಲ್‌ಕೋಟಿನ ಕುಶಲಕರ್ಮಿಗಳು ಮರವಾಗಲು ಬಿಟ್ಟು, ಕೊಯ್ದು, ಆವಿಯಲ್ಲಿ ಬಗ್ಗಿಸಿ ಸ್ಟಿಕ್ ಮಾಡುತ್ತಿದ್ದರು. ದೇಶವಿಭಜನೆಯಾದಾಗ ಅವರಲ್ಲಿ ಹಲವರು ಜಲಂಧರಿಗೂ ಮೀರತ್ತಿಗೂ ಬಂದು ನೆಲೆಸಿದರು. ಇವತ್ತು ಗಂಭೀರವಾಗಿ ಆಡುವವರ ಕೈಯಲ್ಲಿ ಆ ಮರವಿಲ್ಲ, ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದ ಕಾಂಪೋಸಿಟ್ ಇದೆ. ಹೊರಗೆ ಬಣ್ಣ ಬಳಿದಿರುತ್ತದೆ. ಕೆರೆದು ನೋಡಿದರೆ ಒಳಗೆ ಕಪ್ಪು. ಕುಶಾಲನಗರದಿಂದ ಮಡಿಕೇರಿಗೆ ಏರುವ ರಸ್ತೆಯಲ್ಲಿ ವಾರಾಂತ್ಯಕ್ಕೆ ಕಾಣಸಿಗುವ ದುಬಾರಿ ರೇಸಿಂಗ್ ಸೈಕಲ್‌ಗಳ ಒಳಗೂ ಇರುವುದು ಆ ಕಪ್ಪೇ. ಹಿಪ್ಪುನೇರಳೆಯನ್ನು ಮೂಲೆಗೆ ತಳ್ಳಿದ ಈ ವಸ್ತು ಇಟಲಿಯ ಹೆಸರಾಂತ ಸೈಕಲ್ ಮನೆಗಳ ಬುಡವನ್ನೂ ಅಲ್ಲಾಡಿಸಿತು.

ಅದರ ಹೆಸರು ಕಾರ್ಬನ್ ಫೈಬರ್. ಸರಳವಾಗಿ ಹೇಳುವುದಾದರೆ ಇದ್ದಿಲಿನ ಎಳೆ. ಎಳೆಯನ್ನು ಗಾಳಿ ತಾಗದಂತೆ ಸುಟ್ಟರೆ ಇದ್ದಿಲಾಗಿಯೂ ಎಳೆಯಾಗಿಯೇ ಉಳಿಯುತ್ತದೆ ಎಂಬುದು ಎಡಿಸನ್‌ಗೂ ಗೊತ್ತಿತ್ತು. 1880ರಲ್ಲಿ ಅವನು ಬಲ್ಬಿನ ತಂತುವಿಗಾಗಿ ಬಿದಿರನ್ನು ಸುಟ್ಟ. ಹಲವು ದೇಶಗಳ ಬಿದಿರು ತರಿಸಿ ನೋಡಿ ಕೊನೆಗೆ ಜಪಾನಿನ ಕ್ಯೋಟೊ ಬಳಿಯದನ್ನು ಆರಿಸಿಕೊಂಡ. ಆದರೆ ಆ ತಂತು ಬೆಳಗುತ್ತಿತ್ತೇ ಹೊರತು ಗಟ್ಟಿಯಿರಲಿಲ್ಲ. ಟಂಗ್‌ಸ್ಟನ್ ಬಂದ ಮೇಲೆ ಅದನ್ನು ಎಲ್ಲರೂ ಮರೆತರು.

ಗಟ್ಟಿ ಎಳೆ ಸಿಕ್ಕಿದ್ದು ಅದನ್ನು ಹುಡುಕದವನಿಗೆ. ಅಮೆರಿಕದ ಒಹಾಯೊ ರಾಜ್ಯದ ಪಾರ್ಮಾದಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಪ್ರಯೋಗಾಲಯವಿತ್ತು. ಅಲ್ಲಿ ರೋಜರ್ ಬೇಕನ್ ಎಂಬ ಯುವ ಭೌತವಿಜ್ಞಾನಿ ಇಂಗಾಲವನ್ನು ಕರಗಿಸಲು ಹೊರಟಿದ್ದ. ಇಂಗಾಲ ಮೊಂಡು ಧಾತು. ಸಾಧಾರಣ ಒತ್ತಡದಲ್ಲಿ ಎಷ್ಟು ಕಾಯಿಸಿದರೂ ದ್ರವವಾಗದೆ ನೇರವಾಗಿ ಆವಿಯಾಗಿಬಿಡುತ್ತದೆ. ಘನ, ದ್ರವ, ಆವಿ ಮೂರೂ ಒಟ್ಟಿಗಿರುವ ಬಿಂದುವನ್ನು ಹಿಡಿಯಬೇಕೆಂದರೆ ವಾತಾವರಣದ ಸುಮಾರು ನೂರು ಪಟ್ಟು ಒತ್ತಡ ಬೇಕು. ಬೇಕನ್ ಆ ಒತ್ತಡದ ಕುಲುಮೆಯಲ್ಲಿ ವಿದ್ಯುತ್ ಕಿಡಿ ಹಾಯಿಸುತ್ತಿದ್ದ. 1958ರಲ್ಲಿ ಒಮ್ಮೆ ಒತ್ತಡ ಇಳಿಸಿ ನೋಡಿದಾಗ ಎಲೆಕ್ಟ್ರೋಡಿನ ಮೇಲೆ ಗೂಟದಾಕಾರದ ಕರಿ ಗಡ್ಡೆ ಬೆಳೆದಿತ್ತು. ಬೇರೆಯವರಾದರೆ ಕೆರೆದು ಬಿಸಾಡುತ್ತಿದ್ದರೇನೊ. ಅವನು ಒಡೆದು ನೋಡಿದ. ಒಳಗೆ ಕೂದಲಿಗಿಂತ ಹತ್ತು ಪಟ್ಟು ತೆಳುವಾದ, ಒಂದಂಗುಲದವರೆಗೆ ಉದ್ದವಾದ ಎಳೆಗಳಿದ್ದವು. ಬಗ್ಗಿಸಿದರೆ ಬಗ್ಗುತ್ತಿದ್ದವು, ಮುರಿಯುತ್ತಿರಲಿಲ್ಲ. ಅಳೆದಾಗ ಉಕ್ಕನ್ನು ನಾಚಿಸುವ ಬಲ. 1960ರಲ್ಲಿ ಪ್ರಬಂಧ ಪ್ರಕಟಿಸಿದ. ಆ ವಿಧಾನದಲ್ಲಿ ತಯಾರಿಸಿದರೆ ಒಂದು ಪೌಂಡಿಗೆ ಒಂದು ಕೋಟಿ ಡಾಲರ್ ಬೀಳುತ್ತದೆಂದು ಅವನದೇ ಅಂದಾಜು. ಇಂಗಾಲ ಎಷ್ಟು ಬಲಶಾಲಿಯಾಗಬಲ್ಲದು ಎಂದು ಗೊತ್ತಾಯಿತು, ಸೈಕಲ್ಲಿಗೆ ಅದು ಬರಲು ಇನ್ನೂ ದೂರವಿತ್ತು.

ಮುಂದಿನ ಹೆಜ್ಜೆ ಜಪಾನಿನದು. ಅಮೆರಿಕದ ಕಂಪನಿ ರೇಯಾನ್ ಬಟ್ಟೆಯನ್ನು ಸುಟ್ಟು ಗ್ರಾಫೈಟ್ ಬಟ್ಟೆ ಮಾಡಿದೆ ಎಂಬ ಪತ್ರಿಕಾ ಸುದ್ದಿಯನ್ನು 1959ರಲ್ಲಿ ಒಸಾಕಾದ ಸರ್ಕಾರಿ ಕೈಗಾರಿಕಾ ಸಂಶೋಧನಾ ಸಂಸ್ಥೆಯ ಅಕಿಯೊ ಶಿಂಡೊ ಓದಿದ. ರೇಯಾನ್ ಆಗುವುದಾದರೆ ಬೇರೆ ನೂಲು ಯಾಕಾಗಬಾರದು ಎಂದು ಸುಡಲು ಕೂತ. ಅವನ ಕೈ ಹಿಡಿದದ್ದು ಪಾಲಿಅಕ್ರಿಲೊನೈಟ್ರೈಲ್. ಹೆಸರಿಗೆ ಹೆದರಬೇಕಾಗಿಲ್ಲ, ಮಡಿಕೇರಿಯ ಮಳೆಗಾಲದಲ್ಲಿ ನಾವು ತೊಡುವ ಅಗ್ಗದ ಅಕ್ರಿಲಿಕ್ ಸ್ವೆಟರಿನ ನೂಲು ಆಗುವುದು ಅದರಿಂದಲೇ. ಅದನ್ನು ಮೊದಲು ಗಾಳಿಯಲ್ಲಿ ಇನ್ನೂರರಿಂದ ಮುನ್ನೂರು ಡಿಗ್ರಿವರೆಗೆ ನಿಧಾನವಾಗಿ ಕಾಯಿಸಿದರೆ ಬಿಳಿ ಹೋಗಿ ಹಳದಿ, ಕಂದು, ಆಮೇಲೆ ಕಪ್ಪಾಗುತ್ತದೆ, ಕರಗುವ ಗುಣ ಕಳೆದುಕೊಳ್ಳುತ್ತದೆ. ಆಮೇಲೆ ಗಾಳಿಯಿಲ್ಲದೆ ಸಾವಿರ ಡಿಗ್ರಿಗೂ ಮೇಲೆ ಕಾಯಿಸಬೇಕು. ಅರ್ಧದಷ್ಟು ತೂಕ ಹೊಗೆಯಾಗಿ ಹೋಗಿ, ಉಳಿಯುವುದು ಬಹುಪಾಲು ಇಂಗಾಲ.

ಒಂದು ತೊಡಕಿತ್ತು. ಕೆಂಡಕ್ಕೆ ಹಿಡಿದ ಹಪ್ಪಳದಂತೆ ಕಾಯಿಸಿದ ಎಳೆ ಮುದುಡುತ್ತದೆ. ಮುದುಡಿದರೆ ಒಳಗಿನ ಜೋಡಣೆ ಕೆಟ್ಟು ಬಲ ಕುಗ್ಗುತ್ತದೆ. ಕಾಯಿಸುವಾಗ ಎರಡೂ ತುದಿ ಹಿಡಿದು ಬಿಗಿಯಾಗಿ ಎಳೆದಿರಬೇಕು ಎಂಬುದನ್ನು ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಸಂಸ್ಥೆಯ ವಿಲಿಯಂ ವಾಟ್ ಮತ್ತು ಸಂಗಡಿಗರು 1960ರ ದಶಕದ ನಡುವೆ ತೋರಿಸಿಕೊಟ್ಟರು. ಖುಷಿಯಲ್ಲಿ ರೋಲ್ಸ್ ರಾಯ್ಸ್ ತನ್ನ ಹೊಸ ಜೆಟ್ ಎಂಜಿನ್ನಿನ ಫ್ಯಾನಿಗೆ ಈ ಎಳೆಯ ಅಲಗುಗಳನ್ನೇ ಮಾಡಿತು. ಹಕ್ಕಿ ಬಡಿದರೆ ತಡೆಯುತ್ತದೆಯೇ ಎಂಬ ಪರೀಕ್ಷೆಯಲ್ಲಿ ಅಲಗುಗಳು ಸೋತವು, ಟೈಟೇನಿಯಮ್ಮಿಗೆ ಮರಳಬೇಕಾಯಿತು. ಆ ಎಂಜಿನ್ನಿನ ಖರ್ಚು ತಾಳಲಾರದೆ 1971ರ ಫೆಬ್ರವರಿಯಲ್ಲಿ ಕಂಪನಿಯೇ ದಿವಾಳಿಯೆದ್ದಿತು.

ವಿಮಾನದವರು ಹಿಂಜರಿದಾಗ ಈ ಎಳೆಯನ್ನು ಸಾಕಿದವರು ಆಟದವರು. ಜಪಾನಿನ ಟೋರೇ ಕಂಪನಿ 1971ರಲ್ಲಿ ಎಳೆಯನ್ನು ಮಾರುಕಟ್ಟೆಗೆ ತಂದಿತು. ಮೊದಲ ಗಿರಾಕಿಗಳು ಮೀನಿನ ಗಾಳದ ಕೋಲು ಮತ್ತು ಗಾಲ್ಫ್ ಕೋಲು ಮಾಡುವವರು. ಗಾಳದ ಕೋಲು ಮುರಿದರೆ ಯಾರೂ ಸಾಯುವುದಿಲ್ಲ. ಹಗುರವಾದರೆ ಹಣ ಕೊಡುವವರಿದ್ದಾರೆ. ಆಟದ ಸಾಮಾನಿನ ಮೇಲೆ ಕಲಿತ ಪಾಠವನ್ನೇ ವಿಮಾನಗಳು ಆಮೇಲೆ ಓದಿದವು ಎಂದರೆ ತಪ್ಪಾಗದು.

ಈಗ ಇಟಲಿಗೆ. ಆ ಹೊತ್ತಿಗೆ ರೇಸಿಂಗ್ ಸೈಕಲ್ ಎಂದರೆ ಇಟಲಿ. 1885ರಿಂದ ನಡೆದ ಬಿಯಾಂಕಿ, ಲೆನ್ಯಾನೊ, ಪಿನಾರೆಲ್ಲೊ, ಡಿ ರೋಸಾ. ಕೊಳವೆಗೆ ಕೊಲಂಬಸ್, ಬಿಡಿಭಾಗಕ್ಕೆ ಕಂಪಾನ್ಯೊಲೊ. ಇವರಲ್ಲಿ ಫಾಲಿಯೆರೊ ಮಾಸಿಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮಿಲಾನಿನ ವಿಗೊರೆಲ್ಲಿ ಸೈಕಲ್ ಕ್ರೀಡಾಂಗಣದ ಅಡಿಯಲ್ಲೇ ಅವನ ಕಾರ್ಖಾನೆ. ಸವಾರರು ಅವನಿಗಿಟ್ಟ ಹೆಸರು 'ದರ್ಜಿ'. ಬಂದವನ ತೊಡೆ, ತೋಳು, ಬೆನ್ನಿನ ಅಳತೆ ತೆಗೆದು ಉಕ್ಕಿನ ಕೊಳವೆ ಕತ್ತರಿಸಿ, ಲಗ್ ಎಂಬ ಜೋಡಣೆ ತುಂಡಿನೊಳಗೆ ಕೂರಿಸಿ ಬೆಸೆಯುತ್ತಿದ್ದ. ಬೇರೆ ಕಂಪನಿಯ ಹೆಸರು ಹೊತ್ತು ಓಡುತ್ತಿದ್ದ ಎಷ್ಟೋ ಸೈಕಲ್‌ಗಳು ಅವನ ಕೈಯವು. 1972ರ ಅಕ್ಟೋಬರ್‌ನಲ್ಲಿ ಸೈಕಲ್ ಪಟು ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದು ದಾಖಲೆ ಮಾಡಿದ್ದು ಇಟಲಿಯ ಇನ್ನೊಬ್ಬ ತಯಾರಕ ಎರ್ನೆಸ್ಟೊ ಕೊಲ್ನಾಗೊ ಹೀಗೆಯೇ ಬೆಸೆದ ಉಕ್ಕಿನ ಸೈಕಲ್ಲಿನಲ್ಲಿ. ತೂಕ ಆರು ಕಿಲೋ ಕೂಡ ಇರಲಿಲ್ಲ. ಹಗುರವೊಂದೇ ಮುಖ್ಯವಾಗಿದ್ದರೆ ಉಕ್ಕು ಅಷ್ಟು ಸುಲಭವಾಗಿ ಸೋಲುತ್ತಿರಲಿಲ್ಲ.

ಇಟಲಿಯವರು ನಿದ್ದೆಹೋಗಿದ್ದರು ಎಂದು ಹೇಳುವವರುಂಟು. ನಾನು ಒಪ್ಪುವುದಿಲ್ಲ. ಗ್ರೆಗ್ ಲೆಮಾಂಡ್ ಫ್ರಾನ್ಸಿನ ಕಾರ್ಬನ್ ಫ್ರೇಮಿನ ಮೇಲೆ ಟೂರ್ ದ ಫ್ರಾನ್ಸ್ ಗೆದ್ದದ್ದು 1986ರಲ್ಲಿ. ಆ ಸುಮಾರಿಗೇ ಕೊಲ್ನಾಗೊ ಫೆರಾರಿಯ ಎಂಜಿನಿಯರ್‌ಗಳ ಜೊತೆ ಕೂತು ಕಾರ್ಬನ್ ಸೈಕಲ್ ಮಾಡುತ್ತಿದ್ದ. ಮುಂದೆ ಬಂದದ್ದು ಸಿ40. ಅದರಲ್ಲಿ 1995ರಲ್ಲಿ ಫ್ರಾಂಕೊ ಬಾಲೆರಿನಿ ಕಲ್ಲುಹಾಸಿನ ರಸ್ತೆಯ ಪ್ಯಾರಿಸ್-ರುಬೇ ಗೆದ್ದ. ಕಾರ್ಬನ್ ಪುಡಿಯಾಗುತ್ತದೆ ಎಂಬ ಅಳುಕು ಅಲ್ಲಿಗೆ ಮುಗಿಯಿತು. ಆದರೆ ಸಿ40ರ ಮೈ ನೋಡಿ: ಕಾರ್ಬನ್ ಕೊಳವೆ, ಕಾರ್ಬನ್ ಲಗ್, ಒಂದರೊಳಗೊಂದು ಕೂರಿಸಿ ಅಂಟಿಸಿದ್ದು. ಹೊಸ ಬಟ್ಟೆಯನ್ನು ಹಳೆಯ ದರ್ಜಿಯೇ ಹೊಲಿದಿದ್ದ. ಒಂದೊಂದು ಸೆಂಟಿಮೀಟರ್ ವ್ಯತ್ಯಾಸದಲ್ಲಿ ಹಲವು ಅಳತೆ ಸಿಗುತ್ತಿದ್ದವು.

ಎದುರಾಳಿ ಬಂದದ್ದು ಬೇರೆ ದಾರಿಯಲ್ಲಿ. ತೈವಾನಿನ ಕಿಂಗ್ ಲಿಯು ಹಾವುಮೀನು ಸಾಕುತ್ತಿದ್ದವನು. ಚಂಡಮಾರುತ ಕೊಳಗಳನ್ನು ಕೊಚ್ಚಿಕೊಂಡು ಹೋದಮೇಲೆ 1972ರಲ್ಲಿ ಜೈಂಟ್ ಎಂಬ ಸೈಕಲ್ ಕಂಪನಿ ಹುಟ್ಟುಹಾಕಿದ, ಬಹುಕಾಲ ಬೇರೆಯವರ ಹೆಸರಿಗೆ ಸೈಕಲ್ ಮಾಡಿಕೊಟ್ಟ. ಕಾರ್ಬನ್ ಸೈಕಲ್ಲನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಲು 1987ರಲ್ಲೇ ಶುರುಮಾಡಿದ. ಹತ್ತು ವರ್ಷದ ನಂತರ ಜೈಂಟ್‌ಗಾಗಿ ಬ್ರಿಟನ್ನಿನ ಮೈಕ್ ಬರೋಸ್ ವಿನ್ಯಾಸ ಮಾಡಿದ ಟಿಸಿಆರ್ ಬಂತು. ಮೊದಲಿಗೆ ಅದು ಅಲ್ಯುಮಿನಿಯಮ್ಮಿನದು. ಮೇಲಿನ ಕೊಳವೆ ಹಿಂದಕ್ಕೆ ಇಳಿಜಾರು. ಸೀಟಿನ ಕಂಬವನ್ನು ಏರಿಸಿ ಇಳಿಸಿ, ಹ್ಯಾಂಡಲ್ಲಿನ ಕೊಂಡಿ ಬದಲಿಸಿದರೆ ಯಾರಿಗಾದರೂ ಹೊಂದುತ್ತದೆ. ಆದ್ದರಿಂದ ಫ್ರೇಮು ಅಂಗಿಯಂತೆ ಎಸ್, ಎಂ, ಎಲ್ ಮೂರೇ ಅಳತೆಯಲ್ಲಿ ಸಾಕು. ಇದಕ್ಕೂ ಕಾರ್ಬನ್ನಿಗೂ ಏನು ನಂಟು? ಇಡೀ ಕಾರ್ಬನ್ ಫ್ರೇಮನ್ನು ಅಚ್ಚಿನಲ್ಲಿ ತೆಗೆಯಬೇಕಾದರೆ ಪ್ರತಿ ಅಳತೆಗೂ ಬೇರೆ ಲೋಹದ ಅಚ್ಚು ಬೇಕು, ಅಚ್ಚು ಬಲು ದುಬಾರಿ. ಅಳತೆ ಕಡಿಮೆಯಾದಷ್ಟೂ ಲಾಭ. ದರ್ಜಿಯ ಟೇಪನ್ನು ಅನಗತ್ಯ ಮಾಡಿದ್ದು ಎಳೆಯಲ್ಲ, ಅಚ್ಚು.

ಆಮೇಲಿನದು ಕೈಬದಲಾದ ಪಟ್ಟಿ. ಲೆನ್ಯಾನೊ 1987ರಲ್ಲೇ ಬಿಯಾಂಕಿಯ ಪಾಲಾಗಿತ್ತು. ಬಿಯಾಂಕಿ 1997ರಲ್ಲಿ ಸ್ವೀಡನ್ನಿನ ಒಡೆತನಕ್ಕೆ ಹೋಯಿತು. ಮಾಸಿಯ ಹೆಸರು ಅದಕ್ಕೂ ಬಹಳ ಮೊದಲೇ ಅಮೆರಿಕಕ್ಕೆ ಮಾರಾಟವಾಗಿತ್ತು. ಪಿನಾರೆಲ್ಲೊದ ಬಹುಪಾಲು ಷೇರು 2016ರಲ್ಲಿ ಹೂಡಿಕೆ ಕಂಪನಿಯ ಕೈಗೆ, ಕೊಲ್ನಾಗೊದ್ದು 2020ರಲ್ಲಿ ಅಬುಧಾಬಿಯ ಹೂಡಿಕೆದಾರರ ಕೈಗೆ. ಅದೇ 2020ರಲ್ಲಿ ತಾದೆಯ್ ಪೊಗಾಚಾರ್ ಕೊಲ್ನಾಗೊ ಸೈಕಲ್ಲಿಗೆ ಮೊದಲ ಟೂರ್ ದ ಫ್ರಾನ್ಸ್ ತಂದುಕೊಟ್ಟ. ಅಷ್ಟು ವರ್ಷ ಕಾದ ಎರ್ನೆಸ್ಟೊಗೆ ಅದು ಸಿಕ್ಕಿದಾಗ ಕಂಪನಿ ಅವನದಾಗಿರಲಿಲ್ಲ. ಗೆದ್ದ ಸೈಕಲ್ಲಿನ ಫ್ರೇಮು ಅಚ್ಚಿನದು, ಏಷ್ಯಾದಲ್ಲಿ ತಯಾರಾದದ್ದು.

ಹಾಕಿಗೆ ಕಾಂಪೋಸಿಟ್ ಬಂದದ್ದು 1990ರ ದಶಕದಲ್ಲಿ. ಮಾಡುವ ಬಗೆ ಸೈಕಲ್ ಫ್ರೇಮಿನದೇ: ಕಾರ್ಬನ್ ಮತ್ತು ಗಾಜಿನ ಎಳೆಗಳ ಅಂಟು ಹಾಳೆಯನ್ನು ಗಾಳಿಚೀಲದ ಸುತ್ತ ಸುತ್ತಿ, ಅಚ್ಚಿನಲ್ಲಿಟ್ಟು, ಒಳಗಿಂದ ಗಾಳಿ ಊದಿ, ಕಾಯಿಸುವುದು. ಇಲ್ಲಿ ಮಾತ್ರ ಕತೆ ಬೇರೆ ದಾರಿ ಹಿಡಿಯಿತು. ಹಿಪ್ಪುನೇರಳೆಯ ಕೆಲಸದಲ್ಲಿ ಹೆಸರು ಮಾಡಿದ್ದ ಸಿಯಾಲ್‌ಕೋಟ್ ಅಚ್ಚನ್ನೂ ತರಿಸಿಕೊಂಡು ಕಾಂಪೋಸಿಟ್ ಮಾಡತೊಡಗಿತು. ಅಲ್ಲಿನವರು ಮೊದಲಿನಿಂದಲೂ ಹೊರದೇಶದ ಹೆಸರುಗಳಿಗೆ ಮಾಡಿಕೊಟ್ಟು ಬದುಕಿದವರು. ಕಳೆದುಕೊಳ್ಳಲು ಕೊಲ್ನಾಗೊದಂಥ ಸ್ವಂತ ಹೆಸರಿನ ಭಾರ ಅವರ ಮೇಲಿರಲಿಲ್ಲ ಎಂಬುದು ನನ್ನ ಊಹೆ.

ಆಟಗಾರನಿಗೂ ಅಚ್ಚು ಕೊಟ್ಟದ್ದು ಕಡಿಮೆಯಲ್ಲ. ಮರ ಎಷ್ಟು ಬಗ್ಗಲು ಒಪ್ಪುತ್ತದೋ ಅಷ್ಟೇ ಬಗ್ಗಿಸಬಹುದು. ಅಚ್ಚಿಗೆ ಆ ಹಂಗಿಲ್ಲ. ಸ್ಟಿಕ್ಕಿನ ಉದ್ದಕ್ಕೂ ಬಿಲ್ಲಿನಂಥ ಬಾಗು ಕೊಟ್ಟರೆ ಚೆಂಡನ್ನು ಅದರ ಮೈಮೇಲೆ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್ ಸುಲಭ. ಕೊಡಗಿನ ವಿ.ಆರ್. ರಘುನಾಥ್ ಪೆನಾಲ್ಟಿ ಕಾರ್ನರ್‌ಗಳಲ್ಲಿ ಹೆಸರಾದದ್ದು ಆ ಹೊಡೆತದಿಂದಲೇ. ತಯಾರಕರು ಬಾಗನ್ನು ಹೆಚ್ಚಿಸುತ್ತಲೇ ಹೋದರು, ಚೆಂಡಿನ ವೇಗ ಅಪಾಯ ಅನ್ನಿಸತೊಡಗಿತು. ಕೊನೆಗೆ 2006ರಲ್ಲಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಬಾಗಿಗೆ 25 ಮಿಲಿಮೀಟರ್ ಮಿತಿ ಹಾಕಿತು. ಸಂಶಯ ಬಂದರೆ ಸ್ಟಿಕ್ಕನ್ನು ಸಮತಟ್ಟು ಮೇಜಿನ ಮೇಲೆ ಮುಖ ಕೆಳಗಾಗಿಡುತ್ತಾರೆ. ಆ ಅಳತೆಯ ತುಂಡು ಅದರಡಿ ತೂರಿಹೋದರೆ ಸ್ಟಿಕ್ ಮೈದಾನದ ಹೊರಗೆ.