ದೊಡ್ಡಮ್ಮನ ಸಾವು ಯಾರ ಸ್ವತ್ತು?

ಕಾವ್ಯಗಳಲ್ಲಿ ಹಿರಿಯರು ಸಾಯುವುದು ಹೊಸತಲ್ಲ. ದಶರಥನು ಸತ್ತನು, ಜಟಾಯು ಸತ್ತನು, ಭೀಷ್ಮನು ಶರಶಯ್ಯೆಯಲ್ಲಿ ಮಲಗಿದನು. ಆದರೆ ಎಂದೂ ಮುಗಿಯಬಾರದೆಂದು ಸಂಕಲ್ಪಿಸಿಯೇ ಹೊರಟ ಕಥೆಯೊಂದರಲ್ಲಿ ಮುಪ್ಪಿನ ಪಾತ್ರವೊಂದು ಏನಾಗಬೇಕು ಎಂಬ ಪ್ರಶ್ನೆ ನಮ್ಮ ಪ್ರಾಚೀನರಿಗೆ ಎದುರಾಗಿರಲಿಲ್ಲ, ನಮಗೆ ಎದುರಾಗಿದೆ. ಅದನ್ನು ತಂದಿಟ್ಟಿರುವುದು ಮಕ್ಕಳ ಕೈಯಲ್ಲಿ ನಾವು ದಿನವೂ ಕಾಣುವ ಕಾಮಿಕ್ಸ್ ಪುಸ್ತಕ.

ಸ್ಪೈಡರ್‌ಮ್ಯಾನ್ ಎಂಬ ಸಾಹಸಿಯನ್ನು ಅಮೆರಿಕದ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ಸೃಷ್ಟಿಸಿದರು. ಮುಖವಾಡದ ಹಿಂದಿರುವವನು ಪೀಟರ್ ಪಾರ್ಕರ್, ತಂದೆತಾಯಿಗಳನ್ನು ಕಳೆದುಕೊಂಡ ಹುಡುಗ. ಸಾಕಿದವರು ದೊಡ್ಡಪ್ಪ ಬೆನ್, ದೊಡ್ಡಮ್ಮ ಮೇ. ಮೊದಲ ಕಥೆಯಲ್ಲಿಯೇ ದೊಡ್ಡಪ್ಪ ಕಳ್ಳನೊಬ್ಬನ ಗುಂಡಿಗೆ ಬಲಿಯಾದನು. ಆ ಸಾವಿನಿಂದಲೇ ನಾಯಕನು ನಾಯಕನಾದನು. ದೊಡ್ಡಮ್ಮ ಉಳಿದಳು, ಅಂದು ಮುದುಕಿ, ಇಂದಿಗೂ ಮುದುಕಿ. ಇವಳನ್ನು ಕಥೆಯಿಂದ ಕಳುಹಿಸಿಕೊಡಬೇಕೆ ಎಂಬ ವಾದ ಓದುಗರಲ್ಲಿಯೂ ಬರೆಯುವವರಲ್ಲಿಯೂ ಪುನಃ ಪುನಃ ಎದ್ದಿದೆ.

ಕಳುಹಿಸಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆಕೆಯ ಹೃದಯರೋಗ, ಆಕೆಗೆ ಬೇಕಾದ ಔಷಧಿ, ಆಕೆಯಿಂದ ಮುಚ್ಚಿಡಬೇಕಾದ ಗುಟ್ಟು ಇವೇ ವರ್ಷಾನುವರ್ಷ ಕಥೆಯ ಬಂಡವಾಳವಾದವು. ಹಿರಿಯರ ನೆರಳು ಸರಿಯದೆ ಹುಡುಗ ಗಂಡಸಾಗಲಾರನು ಎಂಬುದು ಇನ್ನೊಂದು ವಾದ. ಆದರೆ ಇದೇ ಬಂಡವಾಳದಿಂದ ಎಂಥ ಬೆಳೆ ಬಂದಿತೆಂಬುದನ್ನೂ ನೋಡಬೇಕು. 1966ರ ಆರಂಭದ ತಾರೀಖು ಹೊತ್ತ 33ನೆಯ ಸಂಚಿಕೆಯಲ್ಲಿ ನಾಯಕನು ಭಾರವಾದ ಯಂತ್ರದಡಿ ಸಿಕ್ಕಿಬಿದ್ದಿದ್ದಾನೆ. ಸುತ್ತ ನೀರು ನುಗ್ಗುತ್ತಿದೆ. ದೊಡ್ಡಮ್ಮನ ಜೀವ ಉಳಿಸುವ ಔಷಧಿ ಕಣ್ಣೆದುರಿಗಿದ್ದೂ ಕೈಗೆ ಎಟುಕದು. ಆ ಭಾರವನ್ನು ಅವನು ಎತ್ತಿದ್ದು ಶತ್ರುವನ್ನು ಗೆಲ್ಲುವುದಕ್ಕಲ್ಲ, ಹಾಸಿಗೆ ಹಿಡಿದ ಮುದುಕಿಯೊಬ್ಬಳಿಗಾಗಿ. ಆ ಮಾಲಿಕೆಯ ಅತ್ಯುತ್ತಮ ಪುಟಗಳಲ್ಲಿ ಅವು ಸೇರಿವೆ.

ಗಂಗೊಳ್ಳಿಯಂಥ ಊರಿನಲ್ಲಿ ಈ ಪಾತ್ರದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳಿವೆ ದಾಟಿ ದೋಣಿ ಕಡಲಿಗಿಳಿದ ಮೇಲೆ ಮನೆಯಲ್ಲಿ ನಿದ್ದೆಗೆಟ್ಟು ಕೂರುವ ಹಿರಿಯ ಜೀವ ಯಾವ ಸಾಹಸವನ್ನೂ ಮಾಡುವುದಿಲ್ಲ. ಆದರೆ ಕಡಲಿಗೆ ಹೋದವನಿಗೆ ಹಿಂದಿರುಗಲು ಒಂದು ಕಾರಣವಿದೆಯೆಂದರೆ ಅದು ಆ ಜೀವವೇ. ಸಾಹಸದ ಕಥೆಗೆ ಮನೆಯೊಂದು ಬೇಕು. ಆ ಮನೆಯ ದೀಪ ದೊಡ್ಡಮ್ಮ.

ಇಷ್ಟಾದರೂ 1995ರಲ್ಲಿ, 400ನೆಯ ಸಂಚಿಕೆಯಲ್ಲಿ, ಬರಹಗಾರ ಜೆ. ಎಂ. ಡಿಮ್ಯಾಟಿಸ್ ಆಕೆಯನ್ನು ಸಾಯಿಸಿದನು, ಘನತೆಯಿಂದಲೇ ಸಾಯಿಸಿದನು. ಸಾಯುವ ಮುನ್ನ ಆಕೆ ಮಗನಂತೆ ಸಾಕಿದ ಹುಡುಗನಿಗೆ, ನಿನ್ನ ಗುಟ್ಟು ನನಗೆ ಬಹಳ ಹಿಂದೆಯೇ ತಿಳಿದಿತ್ತು, ನಿನ್ನ ವಿಷಯದಲ್ಲಿ ನನಗೆ ಹೆಮ್ಮೆಯಿದೆ ಎಂಬ ಅರ್ಥದ ಮಾತನ್ನಾಡುತ್ತಾಳೆ. ಮೂವತ್ತು ವರ್ಷ ಏನೂ ಅರಿಯದವಳೆಂದು ನಾವು ಕನಿಕರಿಸಿದ ಮುದುಕಿ ಎಲ್ಲವನ್ನೂ ಅರಿತು ಸುಮ್ಮನಿದ್ದಳು! ಒಂದು ಕ್ಷಣದಲ್ಲಿ ಹಿಂದಿನ ಕಥೆಯೆಲ್ಲ ಬೇರೊಂದು ಬೆಳಕಿನಲ್ಲಿ ಕಾಣಿಸಿತು. ಉಪಪಾತ್ರವು ವ್ಯಕ್ತಿಯಾಯಿತು.

ಮುಂದೆ ನಡೆದದ್ದನ್ನು ಸಹೃದಯರು ಗಮನಿಸಬೇಕು. 1998ರಲ್ಲಿ ಪ್ರಕಾಶಕರು, ಅಂದು ಸತ್ತವಳು ದೊಡ್ಡಮ್ಮನೇ ಅಲ್ಲ, ಆಕೆಯ ರೂಪ ತಾಳಿ ಬಂದಿದ್ದ ನಟಿಯೊಬ್ಬಳು ಎಂದು ಹೇಳಿ ನಿಜವಾದ ಮೇಯನ್ನು ಮರಳಿ ತಂದರು. ಸಾವು ಸುಳ್ಳಾಯಿತು, ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ ಆ ಅರಿವೂ ಸುಳ್ಳಾಯಿತು. 2001-02ರಲ್ಲಿ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಎಂಬ ಬರಹಗಾರನು ಆಕೆಗೆ ಗುಟ್ಟು ಪುನಃ ತಿಳಿಯುವಂತೆ ಮಾಡಿ, ಇಬ್ಬರನ್ನೂ ಎದುರುಬದುರು ಕೂರಿಸಿ ಮಾತನಾಡಿಸಿದನು. ಬಳಿಕ ಆಕೆಗೆ ಗುಂಡೇಟು ಬಿದ್ದಿತು. 2007ರಲ್ಲಿ ಆರಂಭವಾದ ಕಥಾಸರಣಿಯಲ್ಲಿ ನಾಯಕ ದಂಪತಿಗಳು ಆಕೆಯ ಪ್ರಾಣಕ್ಕೆ ಬದಲಾಗಿ ತಮ್ಮ ದಾಂಪತ್ಯವನ್ನೇ ಒಂದು ಪಿಶಾಚಶಕ್ತಿಗೆ ಒಪ್ಪಿಸಿದರು. ಲೋಕವೆಲ್ಲ ಪೀಟರನ ಗುಟ್ಟನ್ನು ಮರೆಯಿತು, ದೊಡ್ಡಮ್ಮನೂ ಮರೆತಳು. ಎರಡು ಸಲ ಕೊಟ್ಟ ಅರಿವನ್ನು ಎರಡು ಸಲವೂ ಕಸಿದುಕೊಂಡಂತಾಯಿತು. ನನ್ನ ದೃಷ್ಟಿಯಲ್ಲಿ ಈ ಕಥೆಯ ನಿಜವಾದ ಅನ್ಯಾಯವಿರುವುದು ಇಲ್ಲಿ, ಸಾವಿನಲ್ಲಲ್ಲ.

ಭರತಮುನಿ ಕರುಣಕ್ಕೂ ವಿಪ್ರಲಂಭಕ್ಕೂ ಇರುವ ಭೇದವನ್ನು ಹೇಳುವಾಗ ಕರುಣವು ನಿರಪೇಕ್ಷ, ವಿಪ್ರಲಂಭವು ಸಾಪೇಕ್ಷ ಎನ್ನುತ್ತಾನೆ. ಮರಳಿ ಬಂದಾರೆಂಬ ನಿರೀಕ್ಷೆ ಇರುವವರೆಗೆ ಅದು ಅಗಲಿಕೆ. ನಿರೀಕ್ಷೆ ಅಳಿದಲ್ಲಿ ಶೋಕ. ಸತ್ತವರೆಲ್ಲ ಎದ್ದುಬರುವ ಕಥೆಯಲ್ಲಿ ಓದುಗನು ನಿರೀಕ್ಷೆಯನ್ನು ಬಿಡುವುದೇ ಇಲ್ಲ. ಬ್ಯಾಟ್‌ಮ್ಯಾನ್‌ನ ವೃದ್ಧ ಸೇವಕ ಆಲ್‌ಫ್ರೆಡ್‌ನನ್ನು 1964ರಲ್ಲಿ ಕೊಂದು 1966ರಲ್ಲಿ ಎಬ್ಬಿಸಿದರು. 2019ರಲ್ಲಿ ಮತ್ತೆ ಕೊಂದರು. ಇಂಥಲ್ಲಿ ಕಣ್ಣೀರಿಗೆ ಬದಲು ಲೆಕ್ಕಾಚಾರ ಹುಟ್ಟುತ್ತದೆ.

ಹಾಗಾದರೆ ನಮ್ಮ ಬಯಲಾಟದ ಗತಿಯೇನು ಎಂದು ಕೇಳಬಹುದು. ಮಂದಾರ್ತಿಯ ಮೇಳದಲ್ಲಾಗಲಿ ಮಾರಣಕಟ್ಟೆಯ ಮೇಳದಲ್ಲಾಗಲಿ ಇಂದು ರಾತ್ರಿ ಒರಗಿದ ಭೀಷ್ಮನು ಇನ್ನೊಂದು ರಾತ್ರಿ ಇನ್ನೊಂದು ಊರಿನಲ್ಲಿ ಬಿಲ್ಲು ಹಿಡಿದು ನಿಲ್ಲುವುದಿಲ್ಲವೆ? ನಿಲ್ಲುತ್ತಾನೆ. ಆದರೆ ಅಲ್ಲಿ ಕಥೆ ಮೊದಲಿನಿಂದ ಆರಂಭವಾಗುತ್ತದೆಯೇ ಹೊರತು ನಿನ್ನೆಯ ಸಾವು ಸುಳ್ಳೆಂದು ಯಾವ ಅರ್ಥಧಾರಿಯೂ ಹೇಳುವುದಿಲ್ಲ. ಮರಳಿ ಹೇಳುವುದು ಬೇರೆ, ಹೇಳಿದ್ದನ್ನು ಅಳಿಸುವುದು ಬೇರೆ. ಮೊದಲನೆಯದು ಸಾವನ್ನು ಗಟ್ಟಿಗೊಳಿಸುತ್ತದೆ, ಎರಡನೆಯದು ಅಗ್ಗಗೊಳಿಸುತ್ತದೆ.

ಭಾರತದ ಕುಂತಿಯನ್ನು ಇಲ್ಲಿ ನೆನೆಯಬಹುದು. ಮಕ್ಕಳು ರಾಜ್ಯ ಗೆದ್ದು, ಸುಖದ ದಿನಗಳು ಬಂದಾಗ ಆಕೆ ಧೃತರಾಷ್ಟ್ರ ಗಾಂಧಾರಿಯರ ಹಿಂದೆ ಕಾಡಿಗೆ ಹೊರಟುನಿಂತಳು. ಮಕ್ಕಳು ಬೇಡಿಕೊಂಡರೂ ನಿಲ್ಲಲಿಲ್ಲ. ಕಾಳ್ಗಿಚ್ಚಿನಲ್ಲಿ ಬಂದ ಆಕೆಯ ಸಾವು ಪಾಂಡವರನ್ನು ಅಳಿಸುವುದಕ್ಕಾಗಿ ಹೂಡಿದ ಉಪಾಯವಲ್ಲ; ಆಕೆಯೇ ಆರಿಸಿಕೊಂಡ ದಾರಿಯ ಕೊನೆ. ಕುಮಾರವ್ಯಾಸನಾದರೋ ಗದಾಪರ್ವಕ್ಕೆ ತನ್ನ ಕಾವ್ಯವನ್ನು ನಿಲ್ಲಿಸಿ ಆ ಬೆಂಕಿಯವರೆಗೆ ಹೋಗಲೇ ಇಲ್ಲ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಹೇಳಿದನು. ಕೊನೆಯವರೆಗೆ ಹೇಳುವುದೂ ಉಚಿತ, ಹೇಳದೆ ನಿಲ್ಲಿಸುವುದೂ ಉಚಿತ. ಹೇಳಿ ಹಿಂತೆಗೆದುಕೊಳ್ಳುವುದೊಂದೇ ಅನುಚಿತ.

ಕಾಮಿಕ್ಸ್ ಲೋಕದಲ್ಲಿಯೂ ಬೇರೆ ಮಾದರಿ ಇಲ್ಲದಿಲ್ಲ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ, ಇಂದ್ರಜಾಲ ಕಾಮಿಕ್ಸಿನ ಮೂಲಕ ನಮ್ಮವರಿಗೆ ಬಳಕೆಯಾದ ಫ್ಯಾಂಟಮ್‌ನನ್ನು ಜನ ಸಾವಿಲ್ಲದವನೆಂದು ನಂಬುತ್ತಾರೆ. ನಿಜದಲ್ಲಿ ತಂದೆ ಸತ್ತು ಮಗ ಅದೇ ಉಡುಪು ತೊಡುತ್ತಾನೆ, ಹೀಗೆ ಇಪ್ಪತ್ತೊಂದು ತಲೆಮಾರು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿಯೂ ನಮ್ಮದೇ ಕರಾವಳಿಯ ಮನೆಯೊಂದರ ಹಿರಿಯರು ಅಳಿಯುತ್ತಾರೆ, ಮನೆಯ ಭಾರ ಕಿರಿಯರ ಹೆಗಲಿಗೆ ದಾಟುತ್ತದೆ. ಕಾಲ ನಡೆಯುವ ಕಥೆಯಲ್ಲಿ ಹಿರಿಯರ ಸಾವಿಗೆ ಜಾಗವಿದೆ, ಏಕೆಂದರೆ ಅಲ್ಲಿ ಕಿರಿಯರಿಗೂ ವಯಸ್ಸಾಗುತ್ತದೆ. ನಾಯಕನು ಎಂದೆಂದಿಗೂ ತರುಣನಾಗಿರುವ ಕಥೆಯಲ್ಲಿ ಮುದುಕಿಯೊಬ್ಬಳಿಗೆ ಮಾತ್ರ ಕಾಲದ ನಿಯಮವನ್ನು ಅನ್ವಯಿಸುವುದು ಯಾವ ನ್ಯಾಯ?

ಆದುದರಿಂದ ದೊಡ್ಡಮ್ಮನನ್ನು ಸಾಯಿಸಬಾರದೆಂಬುದೇ ನನ್ನ ಪಕ್ಷ. ಸತ್ತವಳನ್ನು ಸತ್ತವಳೆಂದು ಒಪ್ಪಿಕೊಳ್ಳುವ ಧೈರ್ಯ ಪ್ರಕಾಶಕರಿಗೆ ಬರುವವರೆಗೆ ಆಕೆ ಬದುಕಿರಲಿ. ಆದರೆ ಔಷಧಿಗಾಗಿ ಕಾದು ಮಲಗಿರುವ ರೋಗಿಯಾಗಿ ಮಾತ್ರವಲ್ಲ. ತನಗೆ ತಿಳಿದದ್ದು ತಿಳಿದೇ ಇರಲಿ. ಆಡಿದ ಮಾತು ಆಡಿದಂತೆಯೇ ಉಳಿಯಲಿ. ಹಿರಿಯರನ್ನು ಕಥೆಯಲ್ಲಿ ಉಳಿಸಿಕೊಳ್ಳುವುದೆಂದರೆ ಅವರ ಉಸಿರನ್ನಷ್ಟೇ ಅಲ್ಲ, ಅವರ ನೆನಪನ್ನೂ ಉಳಿಸಿಕೊಳ್ಳುವುದು.